ಪಹಣಿಯ 2.20, ಟ್ರ್ಯಾಕ್ಟರ್ ಮೀಟರಿನ 3.4: ಚುಕ್ಕೆ ಒಂದೇ, ಲೆಕ್ಕ ಬೇರೆ ಯಾಕೆ?

ರಾಗಿಹೊಲ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮದು ಕೆ.ಆರ್. ಪೇಟೆ ಕಡೆ ಒಂದು ಹಳ್ಳಿ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ, ಆದರೆ ಹೊಲದ ಖರ್ಚಿನ ಲೆಕ್ಕ ನನ್ನ ಕೈಯಲ್ಲೇ ಇದೆ. ಅಪ್ಪ ರಾತ್ರಿ ಫೋನಿನಲ್ಲಿ ಹೇಳುತ್ತಾರೆ, ನಾನು ಎಕ್ಸೆಲ್‌ನಲ್ಲಿ ತುಂಬಿಸುತ್ತೇನೆ. ಈ ಸಲ ಒಂದೇ ವಾರದಲ್ಲಿ ಎರಡು ತಪ್ಪಾದವು. ಎರಡಕ್ಕೂ ಕಾರಣ ಒಂದು ಚುಕ್ಕೆ.

ಮೊದಲನೆಯದು ಉಳುಮೆ. ಟ್ರ್ಯಾಕ್ಟರ್ ಮೀಟರ್ ಶುರುವಿನಲ್ಲಿ 1846.2 ಇತ್ತು, ಮುಗಿದಾಗ 1849.6. ಕಳೆದರೆ 3.4. ಅಪ್ಪ ಅದನ್ನು ಮೂರು ಗಂಟೆ ನಲವತ್ತು ನಿಮಿಷ ಅಂದುಕೊಂಡರು. ಡ್ರೈವರ್ ಹುಡುಗನೂ ಹಾಗೇ ಅಂದುಕೊಂಡಿದ್ದ. ಗಂಟೆಗೆ 1,200 ರೂಪಾಯಿಯಂತೆ 4,400 ಕೊಟ್ಟರು. ಆದರೆ ಅಪ್ಪನೇ ಹೇಳಿದ ಪ್ರಕಾರ, ಡೇರಿಗೆ ಹಾಲು ಹಾಕಿ ಬಂದು ಏಳಕ್ಕೆ ಶುರು ಮಾಡಿಸಿದ್ದರು, 10.25ರ ಬಸ್ಸು ಹೋಗುವ ಹೊತ್ತಿಗೆ ಕೆಲಸ ಮುಗಿದಿತ್ತು. ನಲವತ್ತು ನಿಮಿಷ ಎಲ್ಲಿಂದ ಬಂತು?

ಎರಡನೆಯದು ನನ್ನದೇ ತಪ್ಪು. ಪಹಣಿಯಲ್ಲಿ ಹೊಲ 2.20 ಅಂತ ಇದೆ. ಶೀಟಿನಲ್ಲಿ ಹಾಗೇ ಹಾಕಿದೆ. ಎಕರೆಗೆ ನಾಲ್ಕು ಲೋಡ್ ಕೊಟ್ಟಿಗೆ ಗೊಬ್ಬರ ಅಂತ ಅಪ್ಪನ ಲೆಕ್ಕ. ಶೀಟು 8.8 ಅಂತ ತೋರಿಸಿತು, ಒಂಬತ್ತು ಲೋಡ್ ಹೇಳಿದೆ. ಬಡಗಣ ಮೂಲೆಗೆ ಗೊಬ್ಬರ ಸಾಲಲಿಲ್ಲ. ಅಪ್ಪ ಏನೂ ಅನ್ನಲಿಲ್ಲ. ನನಗೇ ಬೇಜಾರಾಯಿತು.

ನನ್ನ ಪ್ರಶ್ನೆ ಇಷ್ಟೇ. ಸೇರು ಹೋಯಿತು, ಆಣೆ ಹೋಯಿತು, ಮಣ ಹೋಯಿತು. ಗುಂಟೆ ಯಾಕೆ ಇನ್ನೂ 40ರಲ್ಲಿ ಉಳಿದಿದೆ? ಗಂಟೆ ಯಾಕೆ 60ರಲ್ಲಿ ನಿಂತಿದೆ? ಎಲ್ಲವನ್ನೂ ಹತ್ತು-ನೂರಕ್ಕೆ ತಂದಿದ್ದರೆ ಈ ತಪ್ಪುಗಳು ಆಗುತ್ತಿರಲಿಲ್ಲ ಅಲ್ವಾ?

ಹಳೇ ಸರಪಳಿ:

ಮಗಳೇ, ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರಲು ಆಗಲಿಲ್ಲ. 34 ವರ್ಷ ಸರ್ವೆ ಕೆಲಸ ಮಾಡಿ ನಿವೃತ್ತನಾದವನು ನಾನು. ಗಂಟೆಯ ವಿಷಯ ತಿಳಿದವರು ಹೇಳಲಿ, ನಾನು ಗುಂಟೆಯದ್ದು ಹೇಳುತ್ತೇನೆ.

ನಿಮ್ಮ 2.20 ಅಂದರೆ ಎರಡು ಎಕರೆ ಇಪ್ಪತ್ತು ಗುಂಟೆ. 40 ಗುಂಟೆಗೆ ಒಂದು ಎಕರೆ. ಹಾಗಾಗಿ ನಿಮ್ಮದು ಎರಡೂವರೆ ಎಕರೆ. ಹತ್ತು ಲೋಡ್ ಗೊಬ್ಬರ ಬೇಕಿತ್ತು. ಪಹಣಿಯ ಆ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ. ಅದು ಎಕರೆಗೂ ಗುಂಟೆಗೂ ನಡುವಿನ ಬದು. ನಮ್ಮಲ್ಲಿ 2.39 ಆದ ಮೇಲೆ 3.00 ಬರುತ್ತದೆ, 2.40 ಬರುವುದಿಲ್ಲ. ನೀವು ಬಿಟ್ಟಿದ್ದು 12 ಗುಂಟೆ, ಅಂದರೆ 13,068 ಚದರ ಅಡಿ. ಬೆಂಗಳೂರಿನಲ್ಲಿದ್ದೀರಿ, ನಿಮಗೆ ಅರ್ಥವಾಗುವ ಹಾಗೆ ಹೇಳುತ್ತೇನೆ: 30x40 ಸೈಟು ಹತ್ತು ಬಿದ್ದು ಇನ್ನೂ ಜಾಗ ಮಿಗುತ್ತದೆ.

ಈಗ 40 ಯಾಕೆ ಅನ್ನುವುದು. ನಾನು ಕೆಲಸಕ್ಕೆ ಸೇರಿದಾಗ ಕೈಗೆ ಬಂದಿದ್ದು 33 ಅಡಿ ಉದ್ದದ ಕಬ್ಬಿಣದ ಸರಪಳಿ. ಅದಕ್ಕೆ 16 ಆಣೆ. ಒಂದು ಆಣೆಗೆ ಎರಡು ಅಡಿ ಮುಕ್ಕಾಲು ಇಂಚು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಅದೇ ಒಂದು ಗುಂಟೆ, 1,089 ಚದರ ಅಡಿ. ಇದರ ಸೊಗಸು ಹೊಲದಲ್ಲಿ ನಿಂತಾಗ ಗೊತ್ತಾಗುತ್ತದೆ. ಉದ್ದ 8 ಸರಪಳಿ, ಅಗಲ 5 ಸರಪಳಿ. ಗುಣಿಸಿ, 40. ಒಂದು ಎಕರೆ. ಉದ್ದ 8 ಸರಪಳಿ 8 ಆಣೆ ಇದ್ದರೆ ಎಂಟೂವರೆ ಐದಲ ನಲವತ್ತೆರಡೂವರೆ. ಒಂದು ಎಕರೆ ಎರಡು ಗುಂಟೆ ಎಂಟು ಆಣೆ. ಪೆನ್ನು ಬೇಡ, ಪೇಪರ್ ಬೇಡ. ಪಕ್ಕದಲ್ಲಿ ನಿಂತ ರೈತನೂ ಬಾಯಲ್ಲೇ ಲೆಕ್ಕ ಹಾಕಿ ತಾಳೆ ನೋಡುತ್ತಿದ್ದ. ಅಳೆಯುವವನ ಲೆಕ್ಕ ಅಳೆಸಿಕೊಳ್ಳುವವನಿಗೂ ತಿಳಿಯಬೇಕು. ಇಲ್ಲದಿದ್ದರೆ ಹಳ್ಳಿಯಲ್ಲಿ ನೆಮ್ಮದಿ ಇರುವುದಿಲ್ಲ.

ಇಂಗ್ಲೆಂಡಿನಲ್ಲಿ ಎಡ್ಮಂಡ್ ಗುಂಟರ್ ಅನ್ನುವ ಗಣಿತಜ್ಞ 1620ರ ಸುಮಾರಿಗೆ ಮಾಡಿದ ಸರಪಳಿ 66 ಅಡಿ. ನಮ್ಮದು ಸರಿಯಾಗಿ ಅದರ ಅರ್ಧ. ಅವರ ಸರಪಳಿಗೆ 100 ಕೊಂಡಿ, ನಮ್ಮದಕ್ಕೆ 16 ಆಣೆ. ರೂಪಾಯಿಗೆ 16 ಆಣೆ ಇದ್ದ ಕಾಲದವರಿಗೆ ಇದನ್ನು ಬೇರೆಯಾಗಿ ಕಲಿಸಬೇಕಿರಲಿಲ್ಲ.

ಚುಕ್ಕೆ ಮಾಡುವ ಅನಾಹುತ ನಾನು ಕಣ್ಣಾರೆ ಕಂಡಿದ್ದೇನೆ. ಅಣ್ಣ ತಮ್ಮ ಇಬ್ಬರ ಜಗಳ, ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಿಕೊಡಿ ಅಂತ ಅರ್ಜಿ ಹಾಕಿದ್ದರು. ಹಳೆಯ ಟಿಪ್ಪಣಿಯಲ್ಲಿ, ಅಂದರೆ ಹಿಂದಿನ ಸರ್ವೆಯ ಅಳತೆ ಬರೆದಿಟ್ಟ ಕಾಗದದಲ್ಲಿ, ಆ ಬದುವಿನ ಅಳತೆ 7 ಸರಪಳಿ 5 ಆಣೆ ಅಂತ ಇತ್ತು. ಯಾರೋ ಅದನ್ನು ನಕಲು ಮಾಡುವಾಗ 7.5 ಅಂತ ಬರೆದುಕೊಟ್ಟಿದ್ದರು. ತಮ್ಮ ಅದನ್ನು ಏಳೂವರೆ ಅಂತ ಓದಿಕೊಂಡ. ಏಳೂವರೆ ಸರಪಳಿ ಅಂದರೆ 7 ಸರಪಳಿ 8 ಆಣೆ. ಮೂರು ಆಣೆ ವ್ಯತ್ಯಾಸ, ಆರು ಅಡಿ ಎರಡೂಕಾಲು ಇಂಚು. ಅಷ್ಟು ಅಗಲಕ್ಕೆ ಅಣ್ಣನ ಎರಡು ತೆಂಗಿನ ಸಸಿ ಕಿತ್ತುಹೋಗಿದ್ದವು. ಎರಡು ವರ್ಷ ಮಾತು ಬಿಟ್ಟಿದ್ದರು. ನಾನು ಮೂಲ ಟಿಪ್ಪಣಿ ತರಿಸಿ, 5 ಆಣೆ ಲೆಕ್ಕಕ್ಕೆ ಸರಪಳಿ ಎಳೆದು, ಅಲ್ಲೇ ಅಗೆಯಿರಿ ಅಂದೆ. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಗುದ್ದಲಿಗೆ ಠಣ್ ಅಂತ ಬಾಂದು ಕಲ್ಲು ತಾಗಿತು, ಸರ್ವೆಯವರು ಗಡಿಗೆ ಹೂತ ಕಲ್ಲು. ತಮ್ಮ ಆ ಮಣ್ಣಿನ ಮೇಲೇ ಕೂತುಬಿಟ್ಟ. ಅವತ್ತಿನಿಂದ ನಾನು ಯಾವ ಕಾಗದದಲ್ಲೂ ಬರೀ ಚುಕ್ಕೆ ಹಾಕಲಿಲ್ಲ. ಸ. ಆ. ಎ. ಗುಂ. ಅಂತ ಅಕ್ಷರ ಹಾಕಿಯೇ ಬರೆದೆ.

ಇನ್ನೊಂದು ಮಾತು. ಮೆಟ್ರಿಕ್ ಬಂದರೆ ಗುಂಟೆ ಹಾಳಾಗುತ್ತದೆ ಅಂತ ಹೆದರಬೇಡಿ. ಒಂದು ಗುಂಟೆ ಅಂದರೆ 101.17 ಚದರ ಮೀಟರ್. ನಿಮ್ಮ 2.20ರಲ್ಲಿ ಸರಿಯಾಗಿ 100 ಗುಂಟೆ ಇದೆ. ಅಂದರೆ ಒಂದು ಹೆಕ್ಟೇರಿಗಿಂತ 117 ಚದರ ಮೀಟರ್ ಜಾಸ್ತಿ, ಅಷ್ಟೇ. ಗೊಬ್ಬರದ ಚೀಲದ ಚೀಟಿಯಲ್ಲಿ ಹೆಕ್ಟೇರಿಗೆ ಇಷ್ಟು ಅಂತ ಇದ್ದರೆ ನಿಮ್ಮ ಹೊಲಕ್ಕೆ ಅದನ್ನೇ ಹಾಕಿ. ಗುಂಟೆಗೆ ಎಷ್ಟು ಅಂತ ಬೇಕಿದ್ದರೆ ನೂರರಿಂದ ಭಾಗಿಸಿ.

ಅಡಿಕೆತೋಟ:

ಹಳೇ ಸರಪಳಿಯವರೇ, ನಿಮ್ಮ ಉತ್ತರಕ್ಕೆ ಒಂದು ಸೇರಿಸಬೇಕು, ಇಲ್ಲದಿದ್ದರೆ ನಮ್ಮ ಕಡೆಯವರು ತಪ್ಪು ತಿಳಿಯುತ್ತಾರೆ. ನಮ್ಮದು ಪುತ್ತೂರು. ಇಲ್ಲಿ 2.20 ಅಂದರೆ ನಿಜವಾಗಿಯೂ 2.2 ಎಕರೆಯೇ. ನಮಗೆ ಗುಂಟೆ ಇಲ್ಲ, ಸೆಂಟ್ಸ್. ನೂರು ಸೆಂಟ್ಸಿಗೆ ಒಂದು ಎಕರೆ. 1956ರವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು, ಆ ಲೆಕ್ಕವೇ ಉಳಿದಿದೆ. ಒಂದು ಗುಂಟೆಗೆ ಸರಿಯಾಗಿ ಎರಡೂವರೆ ಸೆಂಟ್ಸ್. ನನ್ನ ಗಂಡನ ಊರು ಹಾಸನ. ಎರಡೂ ಕಡೆಯ ಜಾಗದ ಕಾಗದ ಒಂದೇ ಫೈಲಿನಲ್ಲಿದೆ. ಒಂದರಲ್ಲಿ 1.10 ಅಂದರೆ ಒಂದೂಕಾಲು ಎಕರೆ, ಇನ್ನೊಂದರಲ್ಲಿ 1.10 ಅಂದರೆ ಒಂದು ಎಕರೆ ಹತ್ತು ಸೆಂಟ್ಸ್. ಫೈಲ್ ತೆಗೆದಾಗಲೆಲ್ಲ ಯಾವ ಊರಿನದ್ದು ಅಂತ ಮೊದಲು ನೋಡುತ್ತೇನೆ.

ಹಳೆಯ ಅಳತೆ ಎಲ್ಲ ಹೋಯಿತು ಅಂದಿರಿ. ಪೂರ್ತಿ ಹೋಗಿಲ್ಲ. ಉಡುಪಿ ಕಡೆಯ ಶಂಕರಪುರ ಮಲ್ಲಿಗೆಯನ್ನು ಇವತ್ತಿಗೂ ಕೇಜಿಯಲ್ಲಿ ಮಾರುವುದಿಲ್ಲ. ಚೆಂಡು, ಅಟ್ಟೆ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಿಗ್ಗೆ ಅಟ್ಟೆಯ ದರ ಗೊತ್ತಾದ ಮೇಲೆಯೇ ವ್ಯಾಪಾರ. ಅಜ್ಜಿ ಅಕ್ಕಿಯನ್ನು ಮುಡಿಯಲ್ಲಿ ಹೇಳುತ್ತಿದ್ದಳು. ಮುಡಿಗೆ ಮೂರು ಕಳಸೆ, 42 ಸೇರು. ಹೊತ್ತು ಹೇಳುವುದಕ್ಕೆ ಅವಳಿಗೆ ಗಡಿಯಾರವೇ ಬೇಡ. ಬೆಳಗ್ಗೆ ಬಿಸಿಲು ಬಂದರೆ ‘ಹೊತ್ತು ಮಾರುದ್ದ ಏರಿತು’ ಅನ್ನುವಳು. ಹೂವು ಅಳೆಯುವ ಮಾರೂ ಅದೇ, ಸೂರ್ಯನನ್ನು ಅಳೆಯುವ ಮಾರೂ ಅದೇ. ಪಕ್ಕದ ಮನೆ ಎಷ್ಟು ದೂರ ಅಂದರೆ ‘ಒಂದು ಎಲೆಅಡಿಕೆ ಹಾಕುವಷ್ಟು’.

ಅಜ್ಜನ ಮನೆಯ ಅಟ್ಟದಲ್ಲಿ ಒಂದು ಗಳಿಗೆ ಬಟ್ಟಲು ಸಿಕ್ಕಿತು. ತಾಮ್ರದ್ದು, ಅಂಗೈಯಲ್ಲಿ ಕೂರುವಷ್ಟು. ತಳದಲ್ಲಿ ಸೂಜಿಮೊನೆಯ ತೂತು. ದೊಡ್ಡ ಪಾತ್ರೆಯ ನೀರಿನಲ್ಲಿ ತೇಲಿಬಿಟ್ಟರೆ ನಿಧಾನ ನೀರು ತುಂಬಿ ಮುಳುಗುತ್ತದೆ. ಮುಳುಗಿದರೆ ಒಂದು ಗಳಿಗೆ. ಫೋನಿನಲ್ಲಿ ಟೈಮರ್ ಹಾಕಿ ನೋಡಿದೆ. ಮೊದಲು ಏನೂ ಆಗುವುದೇ ಇಲ್ಲ ಅನಿಸುತ್ತದೆ. ಆಮೇಲೆ ಬಟ್ಟಲಿನ ಅಂಚು ನೀರಿಗೆ ಸಮ ಬರುತ್ತದೆ. ಒಂದು ಕ್ಷಣ ಹಾಗೇ ನಿಲ್ಲುತ್ತದೆ. ನಂತರ ಗುಳುಕ್ ಅಂತ ಒಂದೇ ಸಲ ಒಳಗೆ. 24 ನಿಮಿಷ ಆಗಬೇಕಿತ್ತು, 22 ನಿಮಿಷಕ್ಕೇ ಮುಳುಗಿತು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ. ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ತೂತು ದೊಡ್ಡದಾಗಿದೆ ಅಂತ ಅಮ್ಮ ಹೇಳುತ್ತಾಳೆ. ಇರಬಹುದು.

ನೇರಲೆಕ್ಕ:

ಹುಬ್ಬಳ್ಳಿಯಿಂದ. ನಾನು ಸಿವಿಲ್ ಕೆಲಸದವನು. ನೆನಪುಗಳು ಚೆನ್ನಾಗಿವೆ, ಆದರೆ ಪ್ರಶ್ನೆ ಕೇಳಿದವರದ್ದೇ ಸರಿ ಅನಿಸುತ್ತದೆ. ಒಂದೇ ರಾಜ್ಯದಲ್ಲಿ 2.20ಕ್ಕೆ ಎರಡು ಅರ್ಥ ಇರಬಾರದು. ಮನೆ ಕಟ್ಟಿಸುವವರು ಚದರದಲ್ಲಿ ಕೇಳುತ್ತಾರೆ, ಅದು ನೂರು ಚದರ ಅಡಿ. ಕಬ್ಬಿಣ ಮಿಲಿಮೀಟರಿನಲ್ಲಿ, ಮರ ಅಡಿಯಲ್ಲಿ. ಕೆಆರ್‌ಎಸ್ ಮಟ್ಟ 124.80 ಅಡಿ ಅಂತ ಪೇಪರಿನಲ್ಲಿ ಬರುತ್ತದೆ. ಅಲ್ಲಿಯ .80 ಇಂಚು ಅಲ್ಲ, ಅಡಿಗೆ 12 ಇಂಚು ತಾನೇ? ಅದು ಅಡಿಯ ನೂರರಲ್ಲಿ ಎಂಬತ್ತು ಭಾಗ. ನೀರು ಬಿಡುವುದು ಕ್ಯೂಸೆಕ್‌ನಲ್ಲಿ, ತುಂಬಿದ್ದು ಟಿಎಂಸಿಯಲ್ಲಿ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. 11,574 ಕ್ಯೂಸೆಕ್ ಇಡೀ ದಿನ ಹರಿದರೆ ಒಂದು ಟಿಎಂಸಿ. ಈ ಅಡ್ಡಾದಿಡ್ಡಿ ಅಂಕಿ ಬಂದಿದ್ದೇ ದಿನಕ್ಕೆ 86,400 ಸೆಕೆಂಡ್ ಇರುವುದರಿಂದ. ದಿನಕ್ಕೆ ಒಂದು ಲಕ್ಷ ಸೆಕೆಂಡ್ ಮಾಡಿದ್ದರೆ ಸರಿಯಾಗಿ 10,000 ಕ್ಯೂಸೆಕ್. ಎಲ್ಲರಿಗೂ ಸುಲಭ.

ಮಗ್ಗಿ ಟೀಚರ್:

ನೇರಲೆಕ್ಕ ಅವರೇ, ನೀವು ಹೇಳಿದ್ದನ್ನು ಮಾಡಿ ನೋಡಿದ್ದಾರೆ. 1793ರಲ್ಲಿ ಫ್ರಾನ್ಸಿನಲ್ಲಿ. ದಿನಕ್ಕೆ 10 ಗಂಟೆ, ಗಂಟೆಗೆ 100 ನಿಮಿಷ, ನಿಮಿಷಕ್ಕೆ 100 ಸೆಕೆಂಡ್. ದಿನಕ್ಕೆ ಸರಿಯಾಗಿ ಒಂದು ಲಕ್ಷ ಸೆಕೆಂಡ್, ನಿಮ್ಮ ಲೆಕ್ಕವೇ. ಗಡಿಯಾರಗಳನ್ನೂ ಮಾಡಿದರು. ಆದರೆ 1795ರ ಏಪ್ರಿಲ್ 7ರಂದು ಅದನ್ನು ನಿಲ್ಲಿಸಿದರು. ನಾನು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತಿದ್ದ ವಿಷಯ ಇದು: ಆ ದಿನದ ಕಾನೂನೇ ಮೀಟರ್, ಲೀಟರ್, ಗ್ರಾಂಗಳನ್ನು ಜಾರಿಗೆ ತಂದದ್ದು. ಒಂದೇ ಕಾಗದದಲ್ಲಿ ತೂಕ ಹತ್ತಕ್ಕೆ ಹೋಯಿತು, ಹೊತ್ತು ಅರವತ್ತಕ್ಕೆ ವಾಪಸ್ ಬಂತು.

ಯಾಕೆ ಹಾಗಾಯಿತು ಅನ್ನುವುದಕ್ಕೆ ನನ್ನ ಅಪ್ಪನ ಅಂಗಡಿಯಲ್ಲೇ ಉತ್ತರ ಇತ್ತು. ನಮ್ಮದು ಕಿರಾಣಿ ಅಂಗಡಿ. ಕಚ್ಚಾ ಸೇರು 24 ತೊಲ, ಸುಮಾರು 280 ಗ್ರಾಂ. ಪಕ್ಕಾ ಸೇರು 80 ತೊಲ, ಸುಮಾರು 933 ಗ್ರಾಂ. ಸೇರು ಅನ್ನುವ ಮಾತು ಒಂದೇ, ತೂಕ ಮೂರು ಪಟ್ಟು ಬೇರೆ. ಅದರ ಮೇಲೆ ಅಳೆಯುವ ಸೇರು ಇನ್ನೊಂದು. ಅದರಲ್ಲಿ ಗೋಪುರ ಕಟ್ಟಿ ಕೊಡುವವರು, ತಲೆ ಕೊರೆದು ಕೊಡುವವರು ಅಂತ ಎರಡು ಜಾತಿ. ಅಪ್ಪ ರಾಗಿ ಅಳೆಯುವಾಗ ಒಂದು ಅನ್ನದೆ ‘ಲಾಭ’ ಅಂತ ಶುರು ಮಾಡಿ, ಎರಡು, ಮೂರು ಅಂತ ಎಣಿಸುತ್ತಿದ್ದರು. ಕೊನೆಗೆ ಒಂದು ಹಿಡಿ ಮೇಲೆ ಹಾಕುತ್ತಿದ್ದರು. ಆ ಹಿಡಿ ಎಷ್ಟು ದೊಡ್ಡದು ಅನ್ನುವುದು ಗಿರಾಕಿಯ ಮುಖದ ಮೇಲೆ ಇತ್ತು. ಬಡವರಿಗೆ ಇದರಿಂದ ಮೋಸವೂ ಆಗುತ್ತಿತ್ತು. ಹಾಗಾಗಿ 1958ರ ಅಕ್ಟೋಬರಿನಿಂದ ಕಿಲೋ ಬಂದಿದ್ದು ಒಳ್ಳೆಯದೇ ಆಯಿತು, ಇದನ್ನು ನಾನು ಮನಸಾರೆ ಹೇಳುತ್ತೇನೆ. ಆದರೆ ಗಂಟೆಯಲ್ಲಿ ಆ ಗೋಳು ಇರಲಿಲ್ಲ. ಮೈಸೂರಿನ 60 ನಿಮಿಷವೂ ಪ್ಯಾರಿಸ್ಸಿನ 60 ನಿಮಿಷವೂ ಒಂದೇ. ರೋಗವೇ ಇಲ್ಲದ ಕಡೆ ಔಷಧಿ ಯಾರು ಕುಡಿಯುತ್ತಾರೆ?

ಬದಲಾಯಿಸುವ ಕಷ್ಟ ಎಂಥದ್ದು ಅಂತಲೂ ಅಂಗಡಿಯಲ್ಲೇ ನೋಡಿದೆ. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು. ಒಂದು ಆಣೆಗೆ ಆರೂಕಾಲು ನಯಾಪೈಸೆ. ಕಾಲು ಪೈಸೆ ಎಲ್ಲಿಂದ ತರುವುದು? ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಅಂತ ಪಟ್ಟಿ. ಮೂರು ಮಕ್ಕಳು ಒಂದೊಂದಾಣೆ ಬೇರೆ ಬೇರೆ ತಂದರೆ 18, ಒಟ್ಟಿಗೆ ತಂದರೆ 19. ಅಪ್ಪ ಮಕ್ಕಳನ್ನು ಕರೆದು, ‘ಮೂರೂ ಜನ ಸೇರಿಸಿ ಕೊಡಿ, ಒಂದು ಪೈಸೆ ಉಳಿಯುತ್ತೆ’ ಅನ್ನುತ್ತಿದ್ದರು. ನನಗೆ ಭಿನ್ನರಾಶಿ ಅರ್ಥವಾಗಿದ್ದು ಅಲ್ಲಿ.

ಈಗ ರಾಗಿಹೊಲ ಅವರ 60. ಅರವತ್ತನ್ನು 2, 3, 4, 5, 6, 10, 12, 15, 20, 30 ಎಲ್ಲವೂ ಭಾಗಿಸುತ್ತವೆ. ನೂರನ್ನು ಮೂರು ಪಾಲು ಮಾಡಲು ಹೋಗಿ, ಒಂದು ಉಳಿಯುತ್ತದೆ. ಬ್ಯಾಬಿಲೋನಿನವರು ಅರವತ್ತು ಹಿಡಿದರು, ನಮ್ಮ ಪಂಚಾಂಗದಲ್ಲೂ ಅರವತ್ತೇ. ದಿನಕ್ಕೆ 60 ಗಳಿಗೆ, ಗಳಿಗೆಗೆ 60 ವಿಗಳಿಗೆ. ಗಂಟೆಗೆ ಎರಡೂವರೆ ಗಳಿಗೆ. ಮುಹೂರ್ತ ಅಂದರೆ ಎರಡು ಗಳಿಗೆ, ಜಾವ ಅಂದರೆ ಏಳೂವರೆ. ಸೆಕೆಂಡಿನಿಂದ ಮೇಲಕ್ಕೆ ಹೋದರೆ ಅರವತ್ತು, ಕೆಳಗೆ ಇಳಿದರೆ ಹತ್ತು-ನೂರು-ಸಾವಿರ. ಓಟದ ಪಂದ್ಯದಲ್ಲಿ 9.58 ಸೆಕೆಂಡ್ ಅಂದಾಗ ಚುಕ್ಕೆಯ ಆ ಕಡೆ ನಿಜವಾದ ದಶಮಾಂಶ. ಗಡಿಯಾರದಲ್ಲಿ 9.58 ಅಂದರೆ ಹತ್ತಕ್ಕೆ ಎರಡು ನಿಮಿಷ ಕಡಿಮೆ.

ಪಂಚಾಂಗದಲ್ಲೂ ಈ ಚುಕ್ಕೆ ಇದೆ. ಏಕಾದಶಿ 14.30 ಅಂತ ಇದ್ದರೆ ಮಧ್ಯಾಹ್ನ ಎರಡೂವರೆ ಅಂತ ಉಪವಾಸ ಬಿಟ್ಟವರನ್ನು ನೋಡಿದ್ದೇನೆ. ಅದು ಸೂರ್ಯೋದಯದಿಂದ 14 ಘಟಿ 30 ವಿಘಟಿ, ಅಂದರೆ ಗಳಿಗೆ, ವಿಗಳಿಗೆಯೇ. ಹದಿನಾಲ್ಕೂವರೆ ಇಂಟು 24, 348 ನಿಮಿಷ. ಐದು ಗಂಟೆ 48 ನಿಮಿಷ. ಸೂರ್ಯ ಹುಟ್ಟಿದ್ದು 6.20ಕ್ಕಾದರೆ ತಿಥಿ ಮುಗಿಯುವುದು 12.08ಕ್ಕೆ. ಹೊಸ ಪಂಚಾಂಗಗಳಲ್ಲಿ ಗಂಟೆಯನ್ನೂ ಪಕ್ಕದಲ್ಲಿ ಕೊಡುತ್ತಾರೆ. ಯಾವುದು ಯಾವುದು ಅಂತ ತಲೆಬರಹ ನೋಡಿಕೊಳ್ಳಿ.

ಟ್ರ್ಯಾಕ್ಟರ್ ಮೀಟರಿಗೆ ಒಂದು ಸುಲಭದ ದಾರಿ. ಅದರ ಕೊನೆಯ ಅಂಕಿ ಗಂಟೆಯ ಹತ್ತನೇ ಒಂದು ಭಾಗ, ಅಂದರೆ ಆರು ನಿಮಿಷ. 3.4 ಬಂದರೆ ನಾಲ್ಕಾರಲ ಇಪ್ಪತ್ನಾಲ್ಕು. ಮೂರು ಗಂಟೆ 24 ನಿಮಿಷ. ನಿಮ್ಮ ಅಪ್ಪ ಬಸ್ಸು ನೋಡಿ ಹೇಳಿದ್ದು ಸರಿಯಾಗಿತ್ತು. 4,080 ಕೊಡಬೇಕಿತ್ತು, 320 ಜಾಸ್ತಿ ಹೋಗಿದೆ. ಅಪ್ಪನಿಗೆ ಆರರ ಮಗ್ಗಿ ಬಂದೇ ಬರುತ್ತದೆ.

ಹಳೇ ಸರಪಳಿ:

ಟೀಚರಮ್ಮ, ಲಾಭ ಅಂತ ಎಣಿಸುವುದನ್ನು ಓದಿ ನಮ್ಮ ಕಣ ಕಣ್ಣ ಮುಂದೆ ಬಂತು.

ಹುಬ್ಬಳ್ಳಿಯವರೇ, ಪಹಣಿಯನ್ನು ಹೆಕ್ಟೇರಿಗೆ ತನ್ನಿ, ನನ್ನ ತಕರಾರಿಲ್ಲ. ಆದರೆ ಮೂಲ ಟಿಪ್ಪಣಿಯ ಅಂಕಿ ಅಳಿಸಬೇಡಿ. ನೆಲದಲ್ಲಿ ಹೂತ ಕಲ್ಲು ಸರಪಳಿ-ಆಣೆ ಲೆಕ್ಕಕ್ಕೆ ಕೂತಿದೆ. ನಾಳೆ ಜಗಳ ಬಂದಾಗ ಅದನ್ನು ಹುಡುಕಲು ಅದೇ ಲೆಕ್ಕ ಬೇಕು. ಅಡಿಕೆತೋಟದವರು ಸೆಂಟ್ಸಿನ ವಿಷಯ ಹೇಳಿದ್ದು ಒಳ್ಳೆಯದಾಯಿತು, ನಾನು ಮರೆತಿದ್ದೆ.

ರಾಗಿಹೊಲ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಶೀಟ್ ಬದಲಾಯಿಸಿದೆ. ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು ಕಾಲಂ. ಗಂಟೆಗೆ ಒಂದು, ನಿಮಿಷಕ್ಕೆ ಒಂದು. ಮೀಟರಿನ ಅಂಕಿ ಹಾಕಿದರೆ ನಿಮಿಷ ತಾನಾಗಿ ಬರುತ್ತದೆ. ಅಪ್ಪನಿಗೆ ನಾಲ್ಕಾರಲ ಇಪ್ಪತ್ನಾಲ್ಕು ಅಂದೆ. ‘ಇಷ್ಟೇನಾ’ ಅಂದರು. ಡ್ರೈವರ್ ಹುಡುಗನಿಗೂ ಅವರೇ ಹೇಳಿದ್ದಾರೆ. 320 ರೂಪಾಯಿ ಮುಂದಿನ ಉಳುಮೆಯಲ್ಲಿ ಹಿಡಿದುಕೊಳ್ಳಿ ಅಂದನಂತೆ. ಬಡಗಣ ಮೂಲೆಗೆ ಇನ್ನೊಂದು ಲೋಡ್ ಹೇಳಿದ್ದೇವೆ.

ಅಪ್ಪನ ಹಳೆಯ ನೋಟ್‌ಬುಕ್ಕಿನ ಫೋಟೋ ತರಿಸಿಕೊಂಡೆ. ನಾನು ಲೆಕ್ಕ ಶುರು ಮಾಡುವ ಮುಂಚಿನದ್ದು. ಪ್ರತಿ ಪುಟದ ಮೇಲೆ ‘2 ಎ 20 ಗುಂ’ ಅಂತಲೇ ಬರೆದಿದ್ದಾರೆ, ಎಲ್ಲೂ ಚುಕ್ಕೆ ಇಲ್ಲ. ಉಳುಮೆಯ ಸಾಲಿನಲ್ಲಿ ‘ಬೆ 7ರಿಂದ’ ಅಂತ ಶುರು, ಬಸ್ಸು ಹೋದದ್ದು ಎಷ್ಟಕ್ಕೆ ಅನ್ನುವುದೂ ಪಕ್ಕದಲ್ಲಿ. ಟೈಪ್ ಮಾಡುವಾಗ ಅಕ್ಷರಗಳನ್ನೆಲ್ಲ ತೆಗೆದು ಚುಕ್ಕೆ ಹಾಕಿದವಳು ನಾನೇ.

ಹಳೇ ಸರಪಳಿ ಅಂಕಲ್, ನಮ್ಮ ಸರ್ವೆ ನಂಬರಿನ ಟಿಪ್ಪಣಿ ನಕಲಿಗೆ ಮುಂದಿನ ವಾರ ಊರಿಗೆ ಹೋದಾಗ ಅರ್ಜಿ ಹಾಕುತ್ತೇನೆ. ಬಡಗಣ ಬದುವಿನಲ್ಲಿ ಒಂದು ಕಲ್ಲು ಅರ್ಧ ಹೂತುಹೋಗಿದೆ. ಅದು ಬಾಂದು ಕಲ್ಲೋ ಸುಮ್ನೆ ಬಿದ್ದ ಕಲ್ಲೋ ಅಂತ ಅಪ್ಪನಿಗೂ ಗೊತ್ತಿಲ್ಲ. ನಕಲು ಸಿಕ್ಕಿದ ದಿನ ಅದರ ಅಳತೆಯನ್ನು ಸರಪಳಿ, ಆಣೆ ಬಿಡಿಸಿ ಇಲ್ಲೇ ಹಾಕುತ್ತೇನೆ, ನೋಡಿ ಹೇಳಿ.